ಸೌಟು ಹಿಡಿದವಳ ಪಾಲು

ಕಾಲು ಮಡಚ್ಕೊಂಡು ಮಲಕ್ಕೋ ಪುಟ್ಸಾಮಿ. ಕಂಬಳಿ ಪೂರ್ತಿ ನೀನೇ ಎಳ್ಕೋಬೇಡ, ನಂಗೂ ಚಳಿ ಆಗುತ್ತೆ. ಹೂಂಗುಟ್ತಾ ಇರು. ನೀನು ನಿಲ್ಲಿಸಿದರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಕಾಲದಲ್ಲಿ, ಒಲೆ ಅಂದರೆ ಮೂರು ಕಲ್ಲು, ಮನೆ ಅಂದರೆ ಒಂದು ಒಲೆ ಅನ್ನೋ ಕಾಲದಲ್ಲಿ, ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮುದ್ದಯ್ಯ ಅಂತ ಗಂಡ, ಸಿದ್ದವ್ವ ಅಂತ ಅತ್ತೆ, ಆಮೇಲೆ ಮೂರು ಮಕ್ಕಳು. ದೊಡ್ಡವಳು ಚೌಡಿ, ನಡುವಿನವನು ಬೋರ, ಚಿಕ್ಕವಳಿಗೆ ಇಟ್ಟ ಹೆಸರು ಏನೋ, ಕರೀತಿದ್ದದ್ದು ಮಾತ್ರ ಗುಬ್ಬಿ ಅಂತ. ಬಡವರೇನಲ್ಲ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಪಾಪ ಇರಲಿಲ್ಲವೇನೋ ಅನ್ನಬೇಡ. ಅಂಗಳದಲ್ಲಿ ನೆಲದೊಳಗೆ ತೋಡಿದ ಹಗೇವು ಇತ್ತು, ಹಗೇವು ತುಂಬ ರಾಗಿ ಇತ್ತು, ಹಟ್ಟೀಲಿ ಎಮ್ಮೆ ಇತ್ತಂತೆ.

ಆ ಮನೇಲಿ ಒಂದು ಕಟ್ಟಳೆ. ದಿನಾ ಅಡುಗೆಗೆ ಮುಂಚೆ ಅತ್ತೆ ಸಿದ್ದವ್ವ ಹಿಟ್ಟು ಅಳೆದು ಕೊಡೋಳು. ಮಗನಿಗೆ ಇಷ್ಟು, ತನಗೆ ಇಷ್ಟು, ಮಕ್ಕಳಿಗೆ ಇಷ್ಟಿಷ್ಟು. ಅಡುಗೆ ಮಾಡೋಳಿಗೆ ಅಳೆಯೋ ಹಂಗಿಲ್ಲ. ಸೌಟು ಹಿಡಿದವಳಿಗೆ ಬೇರೆ ಪಾಲು ಯಾಕೆ, ಮಡಕೆಗೆ ಅಂಟಿದ್ದೆಲ್ಲಾ ಅವಳದ್ದೇ ಅಲ್ಲವಾ ಅಂತ. ಇದು ಯಾರು ಮಾಡಿದ ಕಟ್ಟಳೆ ಅಂತ ಕೇಳ್ತೀಯಾ? ಉಂಡು ಕೂತವರು ಮಾಡಿದ್ದು. ಹಸಿದವರು ಕೂತು ಕಟ್ಟಳೆ ಮಾಡಿದ್ದನ್ನ ನಾನಂತೂ ಎಲ್ಲೂ ಕಂಡಿಲ್ಲ.

ಹೊಂಬಾಳಮ್ಮನ ಕೈ ಅಂದರೆ ಕೈ. ಸಾರಿಗೆ ಏನೂ ಇಲ್ಲ ಅಂದ ದಿನ ಹೀರೇಕಾಯಿ ಸಿಪ್ಪೆ ಹುರಿದು ಚಟ್ನಿ ಅರೆಯೋಳು. ಹುರುಳಿ ಬೇಯಿಸಿದ ನೀರನ್ನ ಚೆಲ್ಲದೆ ಅದಕ್ಕೆ ಹುಣಸೆಹಣ್ಣು ಕಿವುಚಿ ಸಾರು ಮಾಡೋಳು. ಉಳಿದ ಮುದ್ದೆ ಮಜ್ಜಿಗೇಲಿ ಕದಡಿ ಈರುಳ್ಳಿ ಕೊಚ್ಚಿ ಹಾಕಿದರೆ ಅದೇ ಒಂದು ಹಬ್ಬ. ಬೋರ ಉಣ್ಣಲ್ಲ ಅಂತ ಹಟ ಹಿಡಿದರೆ ಹಿಟ್ಟನ್ನ ಉದ್ದಕ್ಕೆ ಹೊಸೆದು, ಕೆಂಡದ ಮೇಲೆ ಸುಟ್ಟು, ಹಾವು ತಿಂತೀಯೇನ್ಲಾ ಅಂತ ಕೊಡೋಳು, ಅವನು ಬಾಲದಿಂದ ಶುರು ಮಾಡಿ ಹೆಡೆವರೆಗೂ ತಿಂದು, ಇನ್ನೊಂದು ಹಾವು ಕೊಡು ಅನ್ನೋನಂತೆ.

ಎಲ್ಲರದ್ದೂ ಆದ ಮೇಲೆ ಚೌಡಿ ಕೇಳೋಳು, ಅವ್ವ, ನೀನು? ಹೊಂಬಾಳಮ್ಮ ಮಡಕೆ ತಳ ಕೆರೀತಾ ಹಿಂದಕ್ಕೆ ತಿರುಗದೇ ಅನ್ನೋಳು, ನಂದಾಯ್ತು. ಎಲ್ಲಿ ಆಗಿತ್ತು? ಕೆರೆದ ಸೀಕನ್ನ ಗುಬ್ಬಿ ಬಾಯಿಗಿಟ್ಟು ಒಂದು ಚೊಂಬು ನೀರು ಕುಡಿದು ಎದ್ದಿರೋಳು. ದಿನಾ ಹೀಗೇ. ನಂದಾಯ್ತು, ನಂದಾಯ್ತು, ನಂದಾಯ್ತು.

ಈಗ ನೀನು ಯೋಚನೆ ಮಾಡು. ಉಂಡಾಯ್ತು ಅಂತ ಒಬ್ಬಳು ದಿನಾ ಹೇಳ್ತಾಳೆ. ಅವಳು ಉಂಡಿಲ್ಲ. ಹಂಗಾದರೆ ಉಂಡದ್ದು ಯಾರು? ಯಾರೋ ಉಂಡಿರಬೇಕಲ್ಲ.

ಹಂಗೆ ಉಣ್ಣೋಕೆ ಅಂತ ಒಬ್ಬಳು ಬಂದಳಂತೆ.

ಮೊದಲು ಗೊತ್ತಾದದ್ದು ಚೌಡಿಗೆ. ಮಟಮಟ ಮಧ್ಯಾಹ್ನ, ಉಂಡು ಎಲ್ಲಾ ಒರಗಿದ್ದಾರೆ, ಅವ್ವ ಕಾಲುವೆಗೆ ಬಟ್ಟೆ ಒಗೆಯೋಕೆ ಹೋಗಿದಾಳೆ, ಅಡುಗೆಮನೇಲಿ ಕರ ಕರ, ಕರ ಕರ, ಯಾರೋ ಮಡಕೆ ತಳ ಕೆರೆಯೋ ಸದ್ದು. ಬೆಕ್ಕು ಬಂತೇನೋ ಅಂತ ಹೋಗಿ ನೋಡ್ತಾಳೆ, ಮಡಕೆಗಳೆಲ್ಲಾ ತೊಳೆದು ಬೋರಲು ಹಾಕಿದ ಹಾಗೇ ಇವೆ. ಬೆಕ್ಕು ಹೊಸ್ತಿಲಾಚೆ ಬಾಲ ಉಬ್ಬಿಸ್ಕೊಂಡು ನಿಂತಿದೆ, ಒಳಗೆ ಬರ್ತಿಲ್ಲ. ಸದ್ದು ಒಲೆ ಹಿಂದಿನ ಮೂಲೆಯಿಂದ. ಮಸಿ ಹಿಡಿದು ಕಪ್ಪಾದ ಆ ಮೂಲೆಗೆ ಯಾರೂ ಹೋಗೋರಲ್ಲ. ಚೌಡಿ ಅಷ್ಟು ದೂರದಿಂದಲೇ ವಾಪಸ್ ಬಂದಳಂತೆ.

ಆಮೇಲೆ ಒಂದು ದಿನ ಅವ್ವ ಅಡುಗೆಮನೆ ನೆಲ ಸಗಣಿ ಹಾಕಿ ಸಾರಿಸಿದಳಂತೆ. ನೆಲ ಇನ್ನೂ ಹಸಿ. ಅವ್ವ ಅದರ ಮೇಲೇ ನಡ್ಕೊಂಡು ಹೋಗಿ ನೀರಿನ ಕೊಡ ಇಟ್ಟು ಬಂದಳು. ಚೌಡಿ ನೆಲ ನೋಡ್ತಾಳೆ, ಅವ್ವನ ಹೆಜ್ಜೆ ಗುರುತು ಬಿದ್ದಿಲ್ಲ. ಒಂದೂ ಇಲ್ಲ. ಒಲೆ ಹಿಂದಿನ ಮೂಲೇಲಿ, ಅವ್ವ ಕಾಲಿಡದ ಜಾಗದಲ್ಲಿ, ಎರಡು ಪಾದ ಆಳಕ್ಕೆ ಊರಿವೆ. ಅವ್ವನ ಪಾದವೇ. ಬಲಗಾಲಿನ ಕಿರುಬೆರಳು ಸೊಟ್ಟ, ಅದೂ ಹಾಗೇ ಇದೆ.

ಅದೇ ಹೊತ್ತಿಗೆ ಗುಬ್ಬಿ ಬಂದು ಕೇಳಿದಳಂತೆ, ಅಕ್ಕ, ಅಲ್ಲಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತವ್ಳಲ್ಲ, ಅವಳೂ ಅವ್ವನಾ? ಅವ್ವನಿಗಿಂತ ದಪ್ಪ ಅವ್ಳೆ.

ಅವುಚಿಕೊಳ್ಳಬೇಡ ಪುಟ್ಸಾಮಿ, ಉಸಿರು ಕಟ್ಟುತ್ತೆ. ದೆವ್ವ ಅಲ್ಲ ಅದು. ಸುಳ್ಳು. ದಿನಾ ಹೇಳ್ತಾ ಹೋದರೆ ಸುಳ್ಳಿಗೂ ಹೊಟ್ಟೆ ಬರುತ್ತೆ.

ಅಲ್ಲಿಂದ ನೋಡ್ತಾ ಹೋದರೆ ಅವ್ವ ದಿನಾ ಒಂಚೂರು ಕಡಿಮೆ. ಹಿಟ್ಟು ತೊಳಸುವಾಗ ಬಳೆ ತಾವಾಗೇ ಜಾರಿ ಮಡಕೆಗೆ ಬೀಳ್ತಿದ್ದವಂತೆ. ಬಾವೀಲಿ ಬಿಂದಿಗೆ ಬಿಟ್ಟರೆ ಬಿಂದಿಗೆಯೇ ಅವಳನ್ನ ಎಳೀತಿತ್ತಂತೆ. ಬಿಸಿಲಲ್ಲಿ ನಿಂತರೆ ಅವಳ ನೆರಳು ಹಳೇ ಸೀರೆ ಹಾಗೆ, ಅದರೊಳಗಿಂದ ನೆಲ ಕಾಣ್ತಿತ್ತು. ಗಂಡ ಮುದ್ದಯ್ಯ ನೋಡಲಿಲ್ಲವಾ ಅಂದರೆ, ನೋಡಲಿಲ್ಲ. ಕೆಟ್ಟವನಲ್ಲ ಅವನು. ಬೈಯೋನಲ್ಲ, ಹೊಡೆಯೋನಲ್ಲ. ಮುಂದಿಟ್ಟದ್ದು ಉಣ್ಣೋನು, ಇನ್ನೊಂಚೂರು ಅನ್ನೋನು, ಕೈ ತೊಳೆದು ಏಳೋನು. ತಟ್ಟೆ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ, ಮಳೆ ಎಲ್ಲಿಂದ ಬರುತ್ತೆ ಅಂತ ಕೇಳಿದ ಹಾಗೆ ನಗ್ತಿದ್ದ. ಇಂಥ ಒಳ್ಳೆಯವರನ್ನ ನಾನು ಬೇಕಾದಷ್ಟು ಕಂಡಿದೀನಿ ಬಿಡು.

ಆಮೇಲೆ ಚೌಡಿ, ಇದಕ್ಕೆ ನಾನೇ ಏನಾದರೂ ಮಾಡಬೇಕು ಅಂತ, ಅಜ್ಜಿ ಹಿಟ್ಟು ಅಳೆದು ಆಚೆ ಹೋದ ಮೇಲೆ ಮಡಕೆಯಿಂದ ಇನ್ನೊಂದು ಹಿಡಿ ಕದ್ದಳಂತೆ. ಅದಕ್ಕೆ ಅಟ್ಟದ ಮೇಲಿದ್ದ ಬೆಲ್ಲದ ಚೂರು ಕುಟ್ಟಿ ಹಾಕಿ, ಎಮ್ಮೆ ಹಾಲಿನ ಕೆನೆ ಸವರಿ, ಮುತ್ತುಗದ ಎಲೇಲಿ ಸುತ್ತಿ ಬೂದೀಲಿ ಹೂತು ಬೇಯಿಸಿದಳು. ಅಂಥಾ ತಿಂಡಿ ಯಾರೂ ಮಾಡಿದ್ದಿಲ್ಲ, ಅದಕ್ಕೆ ಹೆಸರೂ ಇಲ್ಲ. ಅವ್ವ, ಇದು ನಿಂಗೇ ಅಂತ ಕೈಗೆ ಕೊಟ್ಟಳು. ಹೊಂಬಾಳಮ್ಮ ಎಲೆ ಬಿಡಿಸಿದಳು, ಮೂಸಿದಳು, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಆಚೆಯಿಂದ ಮುದ್ದಯ್ಯ, ಏನೋ ಘಮ ಅಂತೈತಲ್ಲೇ ಅಂದ. ಅಷ್ಟೇ ಅಂದದ್ದು. ಅವಳ ಕೈ ತಾನಾಗೇ ಅದನ್ನ ಮುರಿದು ಅವನಿಗೊಂದು, ಅತ್ತೆಗೊಂದು, ಬೋರನಿಗೊಂದು, ಗುಬ್ಬಿಗೊಂದು ಹಂಚಿಬಿಡ್ತು. ಕಡೆಗೆ ಎಲೆ ಉಳೀತು. ಚೌಡಿ, ಅವ್ವ ನಿಂದು ಅಂದರೆ, ನಂದಾಯ್ತು ಕಣವ್ವ ಅಂದಳಂತೆ. ಒಲೆ ಹಿಂದಿನ ಮೂಲೇಲಿ ಯಾರೋ ಬೆರಳು ನೆಕ್ಕಿದ ಸದ್ದು ಬಂತು, ಚಪ್, ಚಪ್, ನಿಧಾನಕ್ಕೆ, ಬೆಲ್ಲದ ರುಚಿ ಹತ್ತಿದವರ ಹಾಗೆ.

ಚೌಡಿ ಇದನ್ನೆಲ್ಲಾ ಬೋರನಿಗೆ ಹೇಳಿದಾಗ ಅವನು ಅಂದನಂತೆ, ನೀನು ಮನೆಯೊಳಗೆ ಮಾಡಿದ್ದೇ ತಪ್ಪು ಅಕ್ಕ, ಅದು ಒಲೆ ಬಿಟ್ಟು ಬರಲ್ಲ, ನೋಡ್ತಿರು. ಹಿತ್ತಲಲ್ಲಿ ತಾನೇ ಮೂರು ಕಲ್ಲು ಹೂಡಿದ. ಗದ್ದೆ ಬದೂಲಿ ಏಡಿ ಹಿಡಿದ, ಅಣ್ಣೆಸೊಪ್ಪು ಕಿತ್ತ, ಸಾಂಬಾರ ಪುಡಿ ಸಿಗಲಿಲ್ಲ ಅಂತ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕಲ್ಲಲ್ಲಿ ಜಜ್ಜಿದ, ಬಾಯೊಡೆದ ಮಡಕೇಲಿ ಎಲ್ಲಾ ಹಾಕಿ ಕುದಿಸಿದ. ಉಪ್ಪು ಎರಡು ಸಲ ಹಾಕಿದನಂತೆ, ಮೊದಲು ಹಾಕಿದ್ದು ಮರೆತು. ಅವ್ವನ ಕೈ ಹಿಡಿದು ಎಳ್ಕೊಂಡು ಬಂದು ಕೂರಿಸಿ, ಇಲ್ಲಿ ಅಪ್ಪ ಇಲ್ಲ, ಅಜ್ಜಿ ಇಲ್ಲ, ಉಣ್ಣು ಅಂದ. ಅವ್ವ ಮಡಕೆಗೇ ಕೈ ಹಾಕಿ ಒಂದು ತುತ್ತು ಎತ್ತಿದಳು. ಬಾಯಿ ತೆರೆದಳು. ತುತ್ತು ಇನ್ನೇನು ತುಟಿಗೆ ತಾಕಬೇಕು, ಅಡುಗೆಮನೆ ಒಳಗಿಂದ ಅವ್ವನ ದನಿ ಕೇಳಿಸ್ತಂತೆ.

ನಂದಾಯ್ತು.

ಅವ್ವನ ಬಾಯಿ ತೆರೆದೇ ಇದೆ, ಮಾತು ಬಂದದ್ದು ಒಳಗಿಂದ. ಅವ್ವನ ಕೈ ಗಾಳೀಲೇ ತಿರುಗಿ ಆ ತುತ್ತನ್ನ ಪಕ್ಕದಲ್ಲಿದ್ದ ಗುಬ್ಬಿ ಬಾಯಿಗೆ ಇಟ್ಟುಬಿಡ್ತಂತೆ. ಗುಬ್ಬಿ, ಉಪ್ಪು ಅಂತ ಉಗಿದಳು. ಬೋರ ನೆಲ ನೋಡಿದ. ಒಲೆ ಸುತ್ತ ಚೆಲ್ಲಿದ್ದ ಬೂದಿ ಮೇಲೆ, ಹಿತ್ತಲ ಬಾಗಿಲಿಂದ ತನ್ನ ಬೆನ್ನ ಹಿಂದಿನವರೆಗೂ, ಸೊಟ್ಟ ಕಿರುಬೆರಳಿನ ಹೆಜ್ಜೆ ಬಂದು ನಿಂತಿದ್ದವಂತೆ. ವಾಪಸ್ ಹೋದ ಹೆಜ್ಜೆ ಇರಲಿಲ್ಲ.

ಹೂಂ ಅನ್ನೋ. ಮಲಗಿದೆಯಾ? ಇಲ್ಲ ತಾನೇ.

ಆಮೇಲೆ ಚೌಡಿ ನೇರ ಹೋಗಿ ಸಿದ್ದವ್ವನ್ನ ಕೇಳಿದಳಂತೆ. ಅಜ್ಜವ್ವ, ಒಲೆ ಹಿಂದೆ ಇರೋಳು ಯಾರು? ಸಿದ್ದವ್ವ ಎಲೆಅಡಿಕೆ ಕುಟ್ಟೋದು ನಿಲ್ಲಿಸಿದಳು. ನಿಂಗೂ ಕಂಡಳಾ ಅಂದಳು. ನನಗಿಂತ ಮೊದಲೇ ಈ ಮನೆಗೆ ಬಂದವಳು ಅವಳು. ನಮ್ಮತ್ತೆ ಸೌಟು ಹಿಡಿದಿದ್ದಾಗ ನಮ್ಮತ್ತೆ ಹಂಗಿದ್ದಳು, ನಾನು ಹಿಡಿದಾಗ ನನ್ನಂಗೆ ಆದಳು, ಈಗ ನಿಮ್ಮವ್ವನ ಹಂಗೆ ಅವ್ಳೆ. ನಮ್ಮತ್ತೆ ಏನಾದಳು ಗೊತ್ತಾ? ಕಣದಲ್ಲಿ ರಾಗಿ ತೂರ್ತಾ ಇದ್ದಳು, ಮೂಡಗಾಳಿ ಬೀಸ್ತು, ಹೊಟ್ಟಿನ ಜೊತೆ ಅವಳೂ ಹೋದಳು. ಮೊರ ಇತ್ತು, ಅವಳಿರಲಿಲ್ಲ. ಊರವರು ಬಾವಿಗೆ ಬಿದ್ದಳು ಅಂದರು.

ಮತ್ತೆ ನೀನು ಹೆಂಗೆ ಉಳಿದೆ ಅಂದಳಂತೆ ಚೌಡಿ.

ನಿಮ್ಮಪ್ಪನಿಗೆ ಮದುವೆ ಮಾಡಿದೆ. ಸೌಟು ನಿಮ್ಮವ್ವನ ಕೈಗೆ ಕೊಟ್ಟೆ. ಅವತ್ತಿಂದ ನನಗೂ ಹಿಟ್ಟು ಅಳೆಯೋ ಹಂಗಾಯ್ತು. ಹಿಂಗಂತ ಹೇಳಿ ಸಿದ್ದವ್ವ ಚೌಡಿ ಕೈ ಹಿಡಿದು, ಬೆರಳು ಒಂದೊಂದೇ ಒತ್ತಿ ನೋಡಿದಳಂತೆ, ಬದನೆಕಾಯಿ ಕೊಳ್ಳೋರ ಹಾಗೆ. ಇನ್ನೇನು ಕೈ ಬಲಿತೈತೆ. ನಾಳೆ ಕಣದಲ್ಲಿ ರಾಗಿ ತೂರ್ಬೇಕು, ಗಾಳಿ ಆಗಲೇ ಎದ್ದೈತೆ. ಅದಕ್ಕೆ ಮುಂಚೆ ನಿಮ್ಮವ್ವನ ಕೈಯಿಂದ ಸೌಟು ಇಸ್ಕೋ. ಅವಳು ಉಳೀತಾಳೆ. ನಿಂಗೆ ಮುಂದೆ ಒಬ್ಬಳು ಸೊಸೆ ಬರ್ತಾಳೆ, ಬಿಡು.

ಕೇಳಿದೆಯಾ ಹೇಗೆ ಹೇಳಿದಳು. ಬಾಗಿಲ ಅಗುಳಿ ಹಾಕು ಅಂದಷ್ಟು ಸಲೀಸಾಗಿ. ಅವಳೂ ಕೆಟ್ಟವಳಲ್ಲ. ತಾನು ಉಳಿದ ದಾರಿ ಒಂದೇ ಗೊತ್ತಿತ್ತು ಅವಳಿಗೆ, ಅದನ್ನೇ ತೋರಿಸಿದಳು.

ಮಾರನೇ ದಿನ ಕಣಕ್ಕೆ ಹೋಗೋ ಮುಂಚೆ ಉಣ್ಣೋಣ ಅಂತ ಮುದ್ದಯ್ಯ ಕೈಕಾಲು ತೊಳೆಯೋಕೆ ಹೋದನಂತೆ. ಚೌಡಿ ಅಡುಗೆಮನೆಗೆ ಬಂದು ಅವ್ವನ ಮುಂದೆ ಕೈ ಚಾಚಿದಳು. ಅವ್ವ, ಸೌಟು ಕೊಡು. ಅಷ್ಟು ಅಂದಿದ್ದೇ ತಡ, ಒಲೆ ಹಿಂದಿನವಳು ಮೊದಲನೇ ಸಲ ಗೋಡೆ ಬಿಟ್ಟು ಈ ಕಡೆ ಮುಖ ತಿರುಗಿಸಿದಳಂತೆ. ಅರ್ಧ ಮುಖ ಅವ್ವನದು. ಇನ್ನರ್ಧ ಆಗಲೇ ಚೌಡಿಯದಾಗ್ತಾ ಇತ್ತು. ಚೌಡಿ ಹಣೇ ಮೇಲೆ ಸಣ್ಣವಳಿದ್ದಾಗ ಬಿದ್ದ ಗಾಯದ ಗುರುತು, ಅದೂ ಮೂಡ್ತಾ ಇತ್ತು, ಹಿಟ್ಟಿನ ಮೇಲೆ ಬೆರಳು ಒತ್ತಿದ ಹಾಗೆ.

ಹೊಂಬಾಳಮ್ಮ ನೋಡಿದಳು. ಇಷ್ಟು ದಿನ ತನ್ನ ಬೆನ್ನ ಹಿಂದೆ ಇದ್ದದ್ದನ್ನ ಅವಳು ನೋಡಿದ್ದೇ ಅವತ್ತು. ಸೌಟನ್ನ ಸೆರಗಲ್ಲಿ ಬಚ್ಚಿಟ್ಟುಕೊಂಡು, ಇದು ನಿಂಗೆ ಬೇಡ ಕಣವ್ವ, ಇದು ನಿಂಗೆ ಬೇಡ ಅಂತ ಹಿಂದಹಿಂದಕ್ಕೆ ಹೋಗಿ ಅಂಗಳಕ್ಕೆ ಬಂದುಬಿಟ್ಟಳಂತೆ. ಅಂಗಳದಲ್ಲಿ ಗಾಳಿ. ಅವಳ ಸೆರಗು ಎದ್ದಿತು, ಕೂದಲು ಎದ್ದಿತು, ಆಮೇಲೆ ಹಿಮ್ಮಡಿ ನೆಲ ಬಿಟ್ಟಿತು. ಒಂದು ಕೈಲಿ ಜಗಲಿ ಕಂಬ ಹಿಡ್ಕೊಂಡು, ಒಣಗೋಕೆ ಹಾಕಿದ ಬಟ್ಟೆ ಹಾಗೆ ಪಟಪಟ ಅಂತ ನಿಂತಳು.

ಅಲ್ಲೇ ಜಗಲಿ ಬುಡದಲ್ಲಿ ಗುಬ್ಬಿ ಅಡುಗೆ ಆಟ ಆಡ್ತಿದ್ದಳಂತೆ. ಮಣ್ಣಿನ ಮುದ್ದೆ, ಇಟ್ಟಿಗೆ ಕುಟ್ಟಿದ ಖಾರದ ಪುಡಿ, ಹೊಂಗೆ ಎಲೆ ಸೊಪ್ಪು, ತೆಂಗಿನ ಕರಟ ತಟ್ಟೆ. ಅವಳು ತಲೆ ಎತ್ತಿ, ಏನೂ ಆಗಿಲ್ಲ ಅನ್ನೋ ಹಾಗೆ, ಬಾ ಅಂದಳು. ನಾನು ಅವ್ವ, ನೀನು ಮಗು. ಮಗೂಗೆ ಮೊದಲು ಊಟ. ಕೂತ್ಕೊ. ಹೊಂಬಾಳಮ್ಮನ ಸೆರಗು ಹಿಡಿದು ಎಳೆದು ಕೂರಿಸಿ, ಸೆರಗಿನ ತುದಿ ಮೇಲೆ ತಾನೇ ಕೂತಳು, ಹಾರಿಹೋಗದ ಹಾಗೆ. ಕರಟದಲ್ಲಿ ಮಣ್ಣಿನ ಮುದ್ದೆ ಇಟ್ಟು ಕೇಳಿದಳಂತೆ, ಹಸಿವಾ ಮಗ?

ನಂದಾಯ್ತು, ಅಂತ ಅಡುಗೆಮನೆಯಿಂದ ದನಿ ಬಂತು.

ಗುಬ್ಬಿ ತಿರುಗಿಯೂ ನೋಡಲಿಲ್ಲ. ನಿನ್ನ ಕೇಳ್ಲಿಲ್ಲ ಕಣೇ, ನನ್ನ ಮಗೂನ ಕೇಳಿದ್ದು. ಹಸಿವಾ ಮಗ?

ನಂದಾಯ್ತು, ನಂದಾಯ್ತು, ಅಂತ ದನಿ ಹೊಸ್ತಿಲಿಗೇ ಬಂತಂತೆ. ಈ ಸಲ ಎಲ್ಲರೂ ನೋಡಿದರು. ಹೊಸ್ತಿಲು ತುಂಬ ಒಬ್ಬಳು ನಿಂತಿದಾಳೆ, ಮೈ ಕೈ ಉಬ್ಬಿ, ಕೆನ್ನೆ ಉಬ್ಬಿ, ಬಾಯಿ ಮಾತ್ರ ಸಣ್ಣಕ್ಕೆ, ಆ ಒಂದು ಮಾತು ಹಿಡಿಯೋಷ್ಟೇ. ಕೈ ಒರೆಸ್ಕೊಂಡು ಬರ್ತಿದ್ದ ಮುದ್ದಯ್ಯ ಟವೆಲ್ಲು ಹಿಡಿದ ಹಾಗೇ ನಿಂತುಬಿಟ್ಟ.

ಗುಬ್ಬಿಗೆ ಆಟದ್ದೇ ಧ್ಯಾನ. ಬಾಯಿ ಬಿಟ್ಟು ಹೇಳಬೇಕು ಮಗ, ಹೇಳದಿದ್ದರೆ ಅವ್ವನಿಗೆ ಹೆಂಗೆ ಗೊತ್ತಾಗುತ್ತೆ? ಹಸಿವಾ?

ಹೊಂಬಾಳಮ್ಮ ಆ ಮಣ್ಣಿನ ಮುದ್ದೆ ನೋಡಿದಳು. ಈ ಮನೆಗೆ ಬಂದ ಮೇಲೆ ಅವಳ ಮುಂದೆ ಯಾರೋ ತಟ್ಟೆ ಇಟ್ಟದ್ದು ಅದೇ ಮೊದಲು. ಅವಳ ಗಂಟಲಿಂದ, ಅವಳದೇ ಗಂಟಲಿಂದ, ಸಣ್ಣ ಮಗು ದನೀಲಿ ಮಾತು ಬಂತಂತೆ.

ಹಸಿವು ಕಣವ್ವ. ನಾನು ಉಂಡಿಲ್ಲ. ನಾನು ಉಂಡೇ ಇಲ್ಲ.

ಅಂದದ್ದೇ ಅವಳ ಪಾದ ದೊಪ್ಪನೆ ನೆಲಕ್ಕೆ ಕೂತಿತು. ಹೊಸ್ತಿಲಲ್ಲಿದ್ದವಳು, ತೂತು ಬಿದ್ದ ಹಿಟ್ಟಿನ ಚೀಲದ ಹಾಗೆ, ಬುಡದಿಂದ ಸೋರೋಕೆ ಶುರು ಮಾಡಿದಳು. ಆದರೆ ಹೋಗಲಿಲ್ಲ. ಮಣ್ಣು ತಿಂದರೆ ಹೊಟ್ಟೆ ತುಂಬುತ್ತಾ? ಚೌಡಿ ಅವಳನ್ನ ಹಾಯ್ದುಕೊಂಡೇ ಒಳಗೆ ನುಗ್ಗಿ ಅಪ್ಪನಿಗೆ ಅಂತ ಮುಚ್ಚಿಟ್ಟಿದ್ದ ಮುದ್ದೆ ಸಾರು ತಂದಳಂತೆ. ಸಿದ್ದವ್ವ ಅಡ್ಡ ಬಂದಳು. ಲೇ, ಗಂಡಸಿನ ಪಾಲು ಅದು, ಮುಟ್ಟಬೇಡ.

ಚೌಡಿ ಅಂದಳು, ರಾಗಿ ಬಿತ್ತಿದ್ದು ಎಲ್ಲರೂ, ಕುಯ್ದದ್ದು ಎಲ್ಲರೂ, ಬೀಸಿದ್ದು ಅವ್ವ, ಬೇಯಿಸಿದ್ದು ಅವ್ವ. ಪಾಲು ಹಾಕೋವಾಗ ಮಾತ್ರ ಅವ್ವ ಇಲ್ಲವಾ ಅಜ್ಜವ್ವ? ನೀನೂ ಇರಲಿಲ್ಲ ಅಲ್ಲವಾ ಆಗ?

ಹೊಸ್ತಿಲಲ್ಲಿದ್ದವಳು ಸಿದ್ದವ್ವನ ಕಡೆ ತಿರುಗಿದಳು. ಮುಖ ಈಗ ಬೇರೆ. ಹೊಟ್ಟಿನ ಜೊತೆ ಹಾರಿಹೋದ ಅತ್ತೆ ಮುಖ ಬಂತು, ಆಮೇಲೆ ಹರೇದ ಸಿದ್ದವ್ವನ ಮುಖವೇ ಬಂತು, ಕೆನ್ನೆ ಒಳಕ್ಕೆ ಹೋಗಿ ಕಣ್ಣು ಮಾತ್ರ ಉಳಿದಿದ್ದ ಮುಖ. ಮುದುಕಿ ಅದನ್ನ ನೋಡಿ ನೋಡಿ ಅಂಗಳದಲ್ಲೇ ಕೂತಳಂತೆ, ಸೊಸೆ ಪಕ್ಕದಲ್ಲಿ. ನಂಗೂ ಒಂದು ತುತ್ತು ಕೊಡೇ ಅಂದಳು. ಈ ಮನೆಗೆ ಬಂದಾಗ ಹಸಿದದ್ದು, ಎಷ್ಟು ಉಂಡರೂ ಹೋಗಿಲ್ಲ.

ಚೌಡಿ ಮುದ್ದೆ ಮುರಿದು ಅವ್ವನ ಬಾಯಿಗೆ ಇಟ್ಟಳು. ಹೊಂಬಾಳಮ್ಮನ ಕೈ ಅಭ್ಯಾಸಕ್ಕೆ ಗುಬ್ಬಿ ಕಡೆ ಹೋಗೋಕೆ ನೋಡ್ತು, ಬೋರ ಎರಡೂ ಕೈಲಿ ಆ ಕೈ ಹಿಡ್ಕೊಂಡು ಕೂತ. ಅವಳು ಅಗಿದಳು. ನುಂಗಿದಳು. ಒಳಗೆ ಇಳಿದ ಸದ್ದು ಎಲ್ಲರಿಗೂ ಕೇಳಿಸ್ತಂತೆ, ಒಣ ಹಗೇವಿಗೆ ಮೊದಲನೇ ರಾಗಿ ಸುರಿದ ಹಾಗೆ. ಎರಡನೇ ತುತ್ತು ಸಿದ್ದವ್ವನಿಗೆ. ಅವಳಿಗೊಂದು, ಇವಳಿಗೊಂದು, ತಟ್ಟೆ ಖಾಲಿ ಆಯ್ತು. ತಲೆ ಎತ್ತಿ ನೋಡ್ತಾರೆ, ಹೊಸ್ತಿಲಲ್ಲಿ ಯಾರೂ ಇಲ್ಲ. ಒಂದು ಹಿಡಿ ಮಸಿ ಇತ್ತು, ಗಾಳಿ ಬಂದು ಅದನ್ನೂ ತಗೊಂಡು ಹೋಯ್ತಂತೆ.

ಆಮೇಲೆ ಮುದ್ದಯ್ಯ ಟವೆಲ್ಲು ಹೆಗಲಿಗೆ ಹಾಕ್ಕೊಂಡು, ನಂಗೆ, ಅಂದ. ಯಾರೂ ಏಳಲಿಲ್ಲ. ಆಗ ಅವನು, ಹಿಟ್ಟಿನ ಮಡಕೆ ಎಲ್ಲಿರುತ್ತೆ ಅಂತ ಕೇಳಿದನಂತೆ. ತನ್ನ ಮನೇಲಿ ಹಿಟ್ಟಿನ ಮಡಕೆ ಎಲ್ಲಿರುತ್ತೆ ಅಂತ. ಗುಬ್ಬಿ ತೋರಿಸಿದಳು. ಒಲೆ ಊದಿ ಊದಿ ಕಣ್ಣು ಕೆಂಪಾಯ್ತು, ಎಸರು ಉಕ್ಕಿ ಕಾಲ ಮೇಲೆ ಬಿತ್ತು, ಅವನು ತೊಳಸಿದ ಮುದ್ದೆ ತುಂಬ ಗಂಟು. ಬೋರ ತಿಂದು, ಅಪ್ಪ ಇದರೊಳಗೆ ಏಡಿ ಹಾಕಿದೀಯಾ, ಗಟ್ಟಿಗಟ್ಟಿ ಸಿಗ್ತೈತೆ ಅಂದ. ಹೊಂಬಾಳಮ್ಮ ನಕ್ಕು ನಕ್ಕು ಇನ್ನೂ ಅರ್ಧ ಮುದ್ದೆ ತಿಂದಳಂತೆ.

ಅವತ್ತೇ ಕಣಕ್ಕೆ ಹೋದರು. ಹೊಂಬಾಳಮ್ಮ ಮೊರ ಎತ್ತಿ ನಿಂತಳು. ಮಕ್ಕಳು ಮೂವರೂ ಅವಳ ಸೀರೆ ಹಿಡ್ಕೊಂಡು ನಿಂತಿದ್ದರು, ನಂಬಿಕೆ ಸಾಲದೆ. ಮೂಡಗಾಳಿ ಬಂತಂತೆ, ಹೊಟ್ಟು ಹೋಯ್ತಂತೆ, ರಾಗಿ ಕೆಳಗೆ ಬಿತ್ತಂತೆ, ಅವಳು ನಿಂತಳಂತೆ.

ಅಲ್ಲಿಂದ ಆ ಮನೇಲಿ ಸಿದ್ದವ್ವ ಹಿಟ್ಟು ಅಳೆಯೋವಾಗ ಮೊದಲನೇ ಬಟ್ಟಲು ಸೌಟು ಹಿಡಿದವರದ್ದು. ಸೌಟು ಒಬ್ಬರ ಕೈಲೇ ಉಳಿಯೋ ಹಾಗೂ ಇರಲಿಲ್ಲ, ಇವತ್ತು ಅವ್ವ, ನಾಳೆ ಅಪ್ಪ, ನಾಡಿದ್ದು ಬೋರ. ಎಲ್ಲರೂ ಒಟ್ಟಿಗೇ ಕೂತು ಒಬ್ಬರ ತಟ್ಟೆ ಒಬ್ಬರು ನೋಡ್ತಾ ಉಂಡು ಸುಖವಾಗಿದ್ದರಂತೆ.

ಇನ್ನೂ ಮಲಗಿಲ್ಲವಾ ನೀನು. ಏನು? ಅಡುಗೆಮನೇಲಿ ಸದ್ದಾ? ಹೂಂ, ನಂಗೂ ಕೇಳಿಸ್ತಿದೆ. ನಿಮ್ಮಮ್ಮ ಪಾತ್ರೆ ಕೆರೀತಿದಾಳೆ. ನಾವೆಲ್ಲಾ ಉಂಡಾಯ್ತಲ್ಲ. ಏಳು, ಎದ್ದು ಹೋಗು. ಉಂಡೆಯಾ ಅಂತ ಬರೀ ಕೇಳಬೇಡ, ಆಯ್ತು ಅಂತಾಳೆ. ತಟ್ಟೆ ಹಾಕಿ ಮುಂದೆ ಕೂರು. ಗಂಡುಹುಡುಗ ನಾನ್ಯಾಕೆ ಅನ್ನಬೇಡ, ನೀನೇ ಹೋಗಬೇಕಾದದ್ದು. ಹೋಗೋವಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಕೆರೆಯೋ ಸದ್ದು ಒಬ್ಬರದ್ದಾ ಇಬ್ಬರದ್ದಾ ಅಂತ ಕಿವಿಗೊಟ್ಟು ಕೇಳು. ಅವಳು ಉಂಡದ್ದನ್ನ ನೀನು ಕಣ್ಣಲ್ಲಿ ನೋಡಿ ಬಂದು ನಂಗೆ ಹೇಳು, ಆಗ ಕತೆ ಮುಗೀತು.